ಹೆಣಿಗೆಯೂ ಒಂದು ವಿದ್ಯೆಯೇ

ಶಾಲೆಯ ವೇಳಾಪತ್ರಿಕೆಯಲ್ಲಿ ಎಲ್ಲ ಅವಧಿಗಳ ಭಾಗ್ಯವೂ ಒಂದೇ ಬಗೆಯದಲ್ಲ. ಪರೀಕ್ಷೆ ಸಮೀಪಿಸಿದಾಗ, ಗಣಿತದ ಪಾಠ ಹಿಂದೆ ಬಿದ್ದಾಗ, ಅಧ್ಯಾಪಕರೊಬ್ಬರು ರಜೆಯ ಮೇಲೆ ಹೋದಾಗ ಮೊಟ್ಟಮೊದಲು ಬಲಿಯಾಗುವುದು ಕೈಕೆಲಸದ ಅವಧಿ. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನು ವಿದ್ಯಾಭ್ಯಾಸದ ಕೇಂದ್ರದಲ್ಲಿಯೇ ಇರಿಸಬೇಕೆಂದರು. 1964–66ರ ಕೊಠಾರಿ ಆಯೋಗವು ಅದನ್ನು ‘ಕಾರ್ಯಾನುಭವ’ವೆಂದು ಕರೆಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವೆಂಬ ದೀರ್ಘ ನಾಮಕರಣ ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಂದು, ಬಡಗಿ, ಕುಂಬಾರ, ತೋಟಗಾರ ಮೊದಲಾದವರಲ್ಲಿ ಕೆಲಸ ಕಲಿಯಲೆಂದು ಸೂಚಿಸಿದೆ. ಹೆಸರುಗಳು ಬದಲಾಗುತ್ತ ಬಂದವು. ಆ ಅವಧಿಯ ಹಣೆಬರಹ ಮಾತ್ರ ಅಷ್ಟಾಗಿ ಬದಲಾಗಲಿಲ್ಲ.

ಕೈಕೆಲಸಗಳಲ್ಲಿಯೂ ಒಂದು ಮೇಲುಕೀಳಿದೆ. ಮರಗೆಲಸ, ಮುದ್ರಣ, ತೋಟಗಾರಿಕೆಗಳಿಗೆ ಸ್ವಲ್ಪವಾದರೂ ಗೌರವ ಸಲ್ಲುತ್ತದೆ. ಎರಡು ಕಡ್ಡಿ, ಒಂದು ಉಲನ್ ಉಂಡೆ ಹಿಡಿದು ಮೂಲೆಯಲ್ಲಿ ಕುಳಿತು ಸ್ವೆಟರ್ ಹೆಣೆಯುವವಳ ಕೆಲಸಕ್ಕೆ ‘ಹೆಂಗಸರ ಕಾಲಹರಣ’ವೆಂಬ ಹೆಸರು ಅಂಟಿಕೊಂಡಿದೆ. ಅದು ಬೇಸರ ಕಳೆಯುವ ಸಾಧನವೆಂದೂ ಅದರಲ್ಲಿ ಕಲಿಯತಕ್ಕದ್ದೇನೂ ಇಲ್ಲವೆಂದೂ ಸುಶಿಕ್ಷಿತರು ಕೂಡ ತಿಳಿದಿದ್ದಾರೆ. ಹೆಣೆಯುವವಳೊಬ್ಬಳು ದಾರ ಕೊಳ್ಳಲು ಅಂಗಡಿಯ ಮೆಟ್ಟಿಲು ಹತ್ತಿದ ಕ್ಷಣದಿಂದ ಅವಳ ನಡೆಯನ್ನು ಗಮನಿಸಿದರೆ ಈ ತಿಳಿವಳಿಕೆ ಎಷ್ಟು ತಪ್ಪೆಂಬುದು ಮನವರಿಕೆಯಾದೀತು.

ಅನುಭವವಿಲ್ಲದವಳು ಅಂಗಡಿಯಲ್ಲಿ ಮೊದಲು ನೋಡುವುದು ಬಣ್ಣವನ್ನು. ಬಲ್ಲವಳು ಮೊದಲು ಓದುವುದು ಉಂಡೆಗೆ ಸುತ್ತಿದ ಕಾಗದದ ಪಟ್ಟಿಯನ್ನು. ದಾರ ಯಾವುದರಿಂದಾದದ್ದು, ತೂಕವೆಷ್ಟು, ಉದ್ದವೆಷ್ಟು, ಯಾವ ಅಳತೆಯ ಕಡ್ಡಿಗೆ ಹೊಂದುತ್ತದೆ ಎಂಬ ವಿವರಗಳೆಲ್ಲ ಉತ್ತಮ ದಾರದ ಪಟ್ಟಿಯಲ್ಲಿ ಅಚ್ಚಾಗಿರುತ್ತವೆ. ‘ಉಲನ್’ ಎಂಬ ಹೆಸರಿನಲ್ಲಿ ಪೇಟೆಯಲ್ಲಿ ಮಾರುವ ದಾರದಲ್ಲಿ ಬಹುಪಾಲು ಕುರಿಯ ಮೈಯನ್ನು ಕಂಡದ್ದೇ ಅಲ್ಲ. ಅದು ಅಕ್ರಿಲಿಕ್, ಎಂದರೆ ಕಲ್ಲೆಣ್ಣೆಯ ಮೂಲದಿಂದ ರಾಸಾಯನಿಕ ಕ್ರಿಯೆಯ ಮೂಲಕ ತಯಾರಾದ ಎಳೆ. ಅಗ್ಗವಾಗಿ ಸಿಗುತ್ತದೆ, ನುಸಿ ಹಿಡಿಯುವುದಿಲ್ಲ, ಬೇಗ ಒಣಗುತ್ತದೆ. ಈ ಗುಣಗಳನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ದಾರದ ಚಿಕ್ಕದೊಂದು ತುಂಡನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರೆ ಭೇದ ತಾನಾಗಿ ಹೊರಬೀಳುತ್ತದೆ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು, ಉರಿಯಿಂದ ಸರಿಸಿದೊಡನೆ ಆರಿ, ಬೆರಳಲ್ಲಿ ಪುಡಿಯಾಗುವ ಬೂದಿಯನ್ನು ಉಳಿಸುತ್ತದೆ. ಅಕ್ರಿಲಿಕ್ ಕರಗಿ ತೊಟ್ಟಿಕ್ಕಿ, ಆರಿದ ಮೇಲೆ ಕಲ್ಲಿನಂಥ ಗಟ್ಟಿ ಮಣಿಯಾಗುತ್ತದೆ. ಒಲೆಯ ಬಳಿ ಸುಳಿದಾಡುವ ಕೂಸಿಗೆ ಯಾವ ದಾರದ ಅಂಗಿ ತೊಡಿಸಬೇಕೆಂಬ ವಿವೇಕ ಇಷ್ಟು ಸಣ್ಣ ಪ್ರಯೋಗದಿಂದ ಬರುತ್ತದೆ. ರಸಾಯನಶಾಸ್ತ್ರದ ಪಾಠವನ್ನು ಇದಕ್ಕಿಂತ ಹತ್ತಿರಕ್ಕೆ ತರುವ ಪ್ರಯೋಗ ಎಷ್ಟು ಶಾಲೆಗಳಲ್ಲಿ ನಡೆಯುತ್ತದೆಯೋ ತಿಳಿಯದು.

ಕನ್ನಡ ನಾಡಿನಲ್ಲಿಯೇ ಕುರಿಗಳು ಇರುವಾಗ ಹೊರಗಿನ ದಾರವೇಕೆ ಎಂದು ಕೇಳುವವರುಂಟು. ಪ್ರಶ್ನೆ ಯೋಗ್ಯವಾದುದೇ. ದಖ್ಖನಿನ ಕುರಿಯ ಉಣ್ಣೆ ಒರಟು. ಅದರ ಎಳೆ ಚಿಕ್ಕದು. ಕುರುಬ ಮನೆತನಗಳಲ್ಲಿ ಹೆಂಗಸರು ಅದನ್ನು ನೂಲುತ್ತಾರೆ, ಗಂಡಸರು ಹುಣಸೆ ಬೀಜದ ಸರಿ ಹಾಕಿ ಮಗ್ಗದಲ್ಲಿ ಕಂಬಳಿಯಾಗಿ ನೇಯುತ್ತಾರೆ. ಚಳ್ಳಕೆರೆಯ ಕಡೆಯ ಕಂಬಳಿ ಮಳೆಗೂ ಚಳಿಗೂ ಒಂದೇ ಸಮನೆ ನಿಲ್ಲಬಲ್ಲುದು. ಆದರೆ ಆ ನೂಲನ್ನೇ ಕೂಸಿನ ಕೊರಳಿಗೆ ತಾಗುವಂತೆ ಹೆಣೆದರೆ ಚರ್ಮ ಕೆಂಪೇರುತ್ತದೆ. ಮೆರಿನೊ ಜಾತಿಯ ಕುರಿಯ ನವುರಾದ ಉಣ್ಣೆಯೇ ಅಂಥ ಬಟ್ಟೆಗೆ ಸರಿ. ಒಂದೊಂದು ಕುರಿಯ ಉಣ್ಣೆಗೂ ಅದರದೇ ಆದ ಕೆಲಸವಿದೆ. ಹೆಣೆಯುವವಳು ಅದನ್ನು ಬೆರಳ ತುದಿಯಿಂದಲೇ ಅರಿಯುತ್ತಾಳೆ.

ಬಣ್ಣದ ವಿಷಯದಲ್ಲಿಯೂ ಎಚ್ಚರ ಬೇಕು. ಒಂದು ಸಲಕ್ಕೆ ಒಂದೇ ಹಂಡೆಯಲ್ಲಿ ಅದ್ದಿದ ದಾರಕ್ಕೆಲ್ಲ ಕಾರ್ಖಾನೆಯವರು ಒಂದು ಲಾಟ್ ನಂಬರು ಕೊಡುತ್ತಾರೆ. ಮರುವಾರ ಅದೇ ಬಣ್ಣವನ್ನು ಅದೇ ಪ್ರಮಾಣದಲ್ಲಿ ಕಲಸಿದರೂ ಛಾಯೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು. ಅಂಗಡಿಯ ದೀಪದ ಬೆಳಕಿನಲ್ಲಿ ಕಾಣದ ಆ ವ್ಯತ್ಯಾಸ, ಹೆಣೆದು ಮುಗಿಸಿದ ಮೇಲೆ ಬಿಸಿಲಿನಲ್ಲಿ ಬೆನ್ನ ಮೇಲೆ ಅಡ್ಡಪಟ್ಟೆಯಾಗಿ ಎದ್ದು ಕಾಣುತ್ತದೆ. ಆದುದರಿಂದ ಬೇಕಾದ ಉಂಡೆಗಳನ್ನೆಲ್ಲ ಒಂದೇ ಲಾಟಿನಿಂದ, ಒಂದೇ ಸಲಕ್ಕೆ ಕೊಳ್ಳಬೇಕು. ಕಡಿಮೆ ತಂದರೆ ಕೆಲಸ ಕೆಡುತ್ತದೆ. ಹೆಚ್ಚು ತಂದರೆ ಹಣ ಕೆಡುತ್ತದೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗುವುದು ಸಹಜ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ತಂದಾಗ, ಆ ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದವಳು ಲಕ್ಕಮ್ಮ. ಈ ಕಥೆಯನ್ನು ವೇದಿಕೆಗಳ ಮೇಲೆ ಎಲ್ಲರೂ ಹೇಳುತ್ತಾರೆ. ಬಣ್ಣಬಣ್ಣದ ದಾರದ ಅಂಗಡಿಯಲ್ಲಿ ಅದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಸುಲಭವಲ್ಲ. ಹೆಣೆಯುವವರ ಪೆಟ್ಟಿಗೆಗಳನ್ನು ತೆರೆದು ನೋಡಿದವರಿಗೆ ಇದು ಗೊತ್ತು. ಯಾರಿಗೆ, ಯಾವುದಕ್ಕೆ ಎಂಬ ನಿಶ್ಚಯವಿಲ್ಲದೆ, ಕೇವಲ ಕಣ್ಣಿಗೆ ಹಿತವಾಯಿತೆಂದು ತಂದ ಉಂಡೆಗಳು ಪೆಟ್ಟಿಗೆಯ ತಳದಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. ನಾಲ್ಕು ಉಂಡೆ ಗುಲಾಬಿ, ಮೂರು ಉಂಡೆ ಗಿಳಿಹಸುರು. ಒಂದು ಪೂರ್ಣ ಸ್ವೆಟರಿಗೆ ಯಾವುದೂ ಸಾಲದು. ಆಸೆಯ ಈ ಸಂಗ್ರಹಕ್ಕೂ ಅವಶ್ಯಕತೆಗೂ ನಡುವೆ ನಿಲ್ಲುವ ಗೋಡೆ ಯಾವುದೆಂದರೆ ಲೆಕ್ಕ. ಲೆಕ್ಕ ಬಲ್ಲವಳು ಹೆಚ್ಚೆಂದರೆ ಒಂದು ಉಂಡೆಯನ್ನು ಎಚ್ಚರಿಕೆಗೆಂದು ಅಧಿಕ ತರುತ್ತಾಳೆ. ಪಟ್ಟಿ ಬಿಚ್ಚದೆ ಉಳಿದರೆ ಹಿಂದಕ್ಕೆ ಪಡೆಯುವ ಅಂಗಡಿಕಾರರೂ ಇದ್ದಾರೆ. ತುಂಡುಗಳು ಉಳಿದರೆ ಟೋಪಿಯ ಅಂಚಿಗೋ ಪಟ್ಟೆಪಟ್ಟೆಯ ಕಾಲುಚೀಲಕ್ಕೋ ಆಗುತ್ತವೆ. ಹಳೆಯ ಸೀರೆ ಧೋತರಗಳ ಚಿಂದಿಯಿಂದ ಕೌದಿ ಹೊಲಿಯುವ ನಾಡಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಆ ಲೆಕ್ಕವಾದರೂ ಎಂಥದು? ಪ್ರಸಾದನಿಲಯದ ಹತ್ತು ವರ್ಷದ ಹುಡುಗನೊಬ್ಬನಿಗೆ ಸ್ವೆಟರ್ ಹೆಣೆಯಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಎದೆಯ ಸುತ್ತಳತೆ 64 ಸೆಂಟಿಮೀಟರ್. ಅಂಗಿಯ ಮೇಲೆ ಸಡಿಲವಾಗಿ ಕೂರಲು 6 ಸೆಂಟಿಮೀಟರ್ ಸೇರಿಸಿದರೆ 70. ಮುಂಭಾಗಕ್ಕೆ 35, ಹಿಂಭಾಗಕ್ಕೆ 35. ಇನ್ನು ಎಷ್ಟು ಕುಣಿಕೆಗಳನ್ನು ಕಡ್ಡಿಗೆ ಏರಿಸಬೇಕು? ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ಹೆಣೆಯುವವಳ ಕೈಯಲ್ಲಿದೆ. ಒಬ್ಬಳ ಕೈ ಬಿಗಿ, ಇನ್ನೊಬ್ಬಳ ಕೈ ಸಡಿಲ. ಅದಕ್ಕಾಗಿ ಅವಳು ಮೊದಲು ಅದೇ ದಾರದಿಂದ, ಅದೇ ಕಡ್ಡಿಯಿಂದ ಅಂಗೈಗಿಂತ ತುಸು ದೊಡ್ಡದಾದ ಮಾದರಿ ಚೌಕವೊಂದನ್ನು ಹೆಣೆದು, ಒಗೆದು, ಒಣಗಿಸಿ, ಅಡ್ಡಪಟ್ಟಿಯಿಟ್ಟು ಎಣಿಸುತ್ತಾಳೆ. 10 ಸೆಂಟಿಮೀಟರಿಗೆ 22 ಕುಣಿಕೆ ಬಂದರೆ 35ಕ್ಕೆ 77. ಮಾದರಿಯ ಗೊಡವೆಗೆ ಹೋಗದೆ 77 ಏರಿಸಿದವಳ ಕೈ ಸಡಿಲವಾಗಿದ್ದು, 10 ಸೆಂಟಿಮೀಟರಿಗೆ 20 ಕುಣಿಕೆ ಮಾತ್ರ ಬಿದ್ದಿದ್ದರೆ? ಒಂದೊಂದು ಭಾಗವೂ 38.5 ಸೆಂಟಿಮೀಟರ್ ಆಗಿ, ಸ್ವೆಟರಿನ ಸುತ್ತಳತೆ 77 ಆಗುತ್ತದೆ. ಹುಡುಗನ ಮೈಮೇಲೆ ಅದು ಅಣ್ಣನ ಅಂಗಿಯಂತೆ ಜೋಲುತ್ತದೆ. ಹತ್ತು ಸೆಂಟಿಮೀಟರಿನಲ್ಲಿ ಎರಡು ಕುಣಿಕೆಯ ಅಲಕ್ಷ್ಯ ಏಳು ಸೆಂಟಿಮೀಟರಿನ ದೋಷವಾಗಿ ಬೆಳೆಯುವುದನ್ನು ಕಣ್ಣಾರೆ ಕಂಡ ಮಗುವಿಗೆ ತ್ರೈರಾಶಿಯನ್ನು ಬೇರೆ ಕಲಿಸಬೇಕಾದೀತೆ?

ಕಡ್ಡಿಯ ಲೆಕ್ಕವೂ ವಿನೋದವಾದುದು. ಹಳೆಯ ಪದ್ಧತಿಯಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ. 8ನೆಯ ನಂಬರಿನ ಕಡ್ಡಿಯ ದಪ್ಪ 4 ಮಿಲಿಮೀಟರ್, 10ನೆಯದು 3.25, 12ನೆಯದು 2.75. ಕೆಳಗಿನ ಅಂಚು ಮೈಗೆ ಬಿಗಿಯಾಗಿ ಹಿಡಿಯಬೇಕಾದುದರಿಂದ ಅದಕ್ಕೆ ತೆಳು ಕಡ್ಡಿ. ಒಡಲಿಗೆ ದಪ್ಪ ಕಡ್ಡಿ. ಇನ್ನು ಎತ್ತರ. ಅದೇ ಮಾದರಿಯಲ್ಲಿ 10 ಸೆಂಟಿಮೀಟರಿಗೆ 28 ಸಾಲು ಬಂದಿದ್ದರೆ, ಕಂಕುಳಿನವರೆಗಿನ 25 ಸೆಂಟಿಮೀಟರಿಗೆ 70 ಸಾಲು. ಒಂದು ಭಾಗಕ್ಕೆ 77ನ್ನು 70ರಿಂದ ಗುಣಿಸಿದರೆ 5,390 ಕುಣಿಕೆ. ಎರಡು ಭಾಗಕ್ಕೆ 10,780. ತೋಳು, ಹೆಗಲು, ಕೊರಳು ಇನ್ನೂ ಉಳಿದೇ ಇವೆ. ಈ ಹತ್ತು ಸಾವಿರದಲ್ಲಿ ಒಂದು ಕುಣಿಕೆ ಕಡ್ಡಿಯಿಂದ ಜಾರಿ ಬಿದ್ದರೂ ಅದು ಸಾಲಿನಿಂದ ಸಾಲಿಗೆ ಇಳಿಯುತ್ತ ಏಣಿಯಂತೆ ಬಿಚ್ಚಿಕೊಳ್ಳುತ್ತದೆ. ಹೆಣಿಗೆಯಲ್ಲಿ ತಪ್ಪನ್ನು ಮುಚ್ಚಿಡಲು ಸ್ಥಳವಿಲ್ಲ. ಹಿಂದಿರುಗಿ ಹೋಗಿ ಎತ್ತಿಕೊಳ್ಳಬೇಕು, ಇಲ್ಲವೇ ಆ ಸಾಲಿನವರೆಗೆ ಬಿಚ್ಚಬೇಕು. ಉತ್ತರಪತ್ರಿಕೆಯಲ್ಲಿ ಒಂದು ಅಂಕ ಕಳೆದುಕೊಂಡು ಮುಂದೆ ಸಾಗಬಹುದು, ಇಲ್ಲಿ ಸಾಗುವಂತಿಲ್ಲ.

ಮಗ್ಗದ ಬಟ್ಟೆಗೂ ಹೆಣಿಗೆಗೂ ಇರುವ ಮೂಲಭೇದವೇ ಇದಕ್ಕೆ ಕಾರಣ. ಮಗ್ಗದಲ್ಲಿ ಹಾಸು ಹೊಕ್ಕುಗಳೆಂಬ ಎರಡು ಬಗೆಯ ನೂಲು ಒಂದನ್ನೊಂದು ಹಾಯುತ್ತವೆ. ಹೆಣಿಗೆಯಲ್ಲಿರುವುದು ಒಂದೇ ಎಳೆ. ಅದು ತನ್ನ ಕುಣಿಕೆಯೊಳಗಿಂದ ತಾನೇ ನುಸುಳುತ್ತ ಬಟ್ಟೆಯಾಗುತ್ತದೆ. ‘ಸೀದಾ’ ಮತ್ತು ‘ಉಲ್ಟಾ’ ಎಂಬ ಎರಡೇ ನಡೆಗಳಿಂದ ಹುಟ್ಟುವ ವಿನ್ಯಾಸಗಳಿಗೆ ಕೊನೆಯಿಲ್ಲ. ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವ ಗುಣವೂ ಈ ಕುಣಿಕೆಗಳದೇ. ದಿನವೂ ತೊಡುವ ಬನಿಯನ್ನು, ಕಾಲುಚೀಲಗಳು ಕೂಡ ಹೆಣಿಗೆಯ ಬಟ್ಟೆಗಳೇ. ತಿರುಪ್ಪೂರಿನ ಯಂತ್ರಗಳು ಹೆಣೆದ ಬನಿಯನ್ನನ್ನು ಮೈಮೇಲೆ ತೊಟ್ಟುಕೊಂಡೇ ಹೆಣಿಗೆಯನ್ನು ಕಾಲಹರಣವೆಂದು ಹೀಗಳೆಯುವವರಿಗೆ ಇದು ಹೊಳೆದಂತಿಲ್ಲ.

ಒಂದೇ ಎಳೆಯಾದುದರಿಂದ ಇನ್ನೊಂದು ಸೌಲಭ್ಯವಿದೆ. ಹಿರಿಯ ಮಗನಿಗೆ ಗಿಡ್ಡವಾದ ಸ್ವೆಟರನ್ನು ತಾಯಿ ಹೊಲಿಗೆ ಬಿಡಿಸಿ, ಮೇಲಿನ ಅಂಚಿನಿಂದ ಎಳೆಯನ್ನು ಜಗ್ಗಿ ಬಿಚ್ಚುತ್ತಾಳೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೀರಿನಲ್ಲಿ ಅದ್ದಿ, ಕೆಳಗೊಂದು ಭಾರ ಕಟ್ಟಿ ನೆರಳಿನಲ್ಲಿ ತೂಗುಹಾಕಿದರೆ ಗುಂಗುರಾಗಿದ್ದ ದಾರ ನೆಟ್ಟಗಾಗುತ್ತದೆ. ಮರುದಿನ ಅದೇ ದಾರ ಕಿರಿಯ ಮಗಳ ಸ್ವೆಟರಾಗತೊಡಗುತ್ತದೆ. ಮೊಣಕೈಯಲ್ಲಿ ಸವೆದ ಭಾಗವನ್ನು ಮಾತ್ರ ತೆಗೆದು ಹೊಸ ಬಣ್ಣ ಸೇರಿಸುವುದುಂಟು. ಒಂದು ಕಾಲದಲ್ಲಿ ನಾಡಿನ ಅನೇಕ ಮನೆಗಳಲ್ಲಿ ಇದು ವಾಡಿಕೆಯಾಗಿತ್ತು. ಸಿದ್ಧ ಉಡುಪಿನ ಸ್ವೆಟರುಗಳಲ್ಲಿ ಅನೇಕವನ್ನು ಯಂತ್ರದ ಬಟ್ಟೆಯಿಂದ ಕತ್ತರಿಸಿ ಹೊಲಿದಿರುತ್ತಾರೆ. ಬಿಚ್ಚಿದರೆ ಗೇಣುದ್ದದ ತುಂಡುಗಳು ಮಾತ್ರ ಕೈಗೆ ಬರುತ್ತವೆ.

ಹೆಣೆಯುವವಳ ದಿನಚರಿಯಲ್ಲಿ ಹೆಣಿಗೆಗೆಂದು ಪ್ರತ್ಯೇಕ ಹೊತ್ತು ಇರುವುದು ಅಪರೂಪ. ಹಾಲು ಕಾಯುವವರೆಗೆ ಒಂದು ಸಾಲು, ಮಗು ಬಾಯಿಪಾಠ ಒಪ್ಪಿಸುವಾಗ ಎರಡು ಸಾಲು, ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತ ನಾಲ್ಕು ಸಾಲು. ಕೆಲಸದ ನಡುವೆ ಕರೆ ಬಂದರೆ ಸಾಲಿನ ಮಧ್ಯದಲ್ಲಿ ನಿಲ್ಲಿಸಬಾರದೆಂಬುದು ಬಲ್ಲವರ ನಿಯಮ. ಸಾಲು ಮುಗಿಸಿಯೇ ಏಳಬೇಕು. ಮುಂದಾಲೋಚನೆಯುಳ್ಳವಳು ಆಷಾಢದ ಮಳೆಯಲ್ಲಿಯೇ ಕೆಲಸ ಆರಂಭಿಸುತ್ತಾಳೆ. ದೀಪಾವಳಿ ಕಳೆದು ಚಳಿ ಕಾಲಿಡುವಾಗ ತೋಳು ಜೋಡಿಸುವುದಷ್ಟೇ ಉಳಿದಿರುತ್ತದೆ. ಮಾರ್ಗಶಿರದಲ್ಲಿ ದಾರ ಕೊಂಡವಳ ಸ್ವೆಟರು ಸಿದ್ಧವಾಗುವುದು ಶಿವರಾತ್ರಿಗೆ; ಆಗ ಚಳಿಯೇ ಇರುವುದಿಲ್ಲ. ಬೆಳೆಯುವ ಮಗುವಿಗೆ ಹೆಣೆಯುವವಳು ಇಂದಿನ ಅಳತೆಗೆ ಹೆಣೆಯುವುದಿಲ್ಲ, ಮುಂದಿನ ಪುಷ್ಯಮಾಸದ ಅಳತೆಗೆ ಹೆಣೆಯುತ್ತಾಳೆ. ತೋಳನ್ನು ಎರಡು ಬೆರಳು ಉದ್ದ ಬಿಟ್ಟು ಮಡಿಚುತ್ತಾಳೆ.

ಆಕ್ಷೇಪಗಳಿಲ್ಲವೆಂದಲ್ಲ. ಮೊದಲನೆಯದು ಹಣದ್ದು. ಲೂಧಿಯಾನದ ಯಂತ್ರದ ಸ್ವೆಟರು ಕೆಲವೊಮ್ಮೆ ದಾರದ ಬೆಲೆಗಿಂತಲೂ ಕಡಿಮೆಗೆ ಸಿಗುವಾಗ ವಾರಗಟ್ಟಲೆ ಕೈ ಸವೆಸುವುದೇಕೆ? ಲೆಕ್ಕ ನಿಜ. ಬೆಲೆಯೊಂದನ್ನೇ ನೋಡುವವರಿಗೆ ಕೈಹೆಣಿಗೆ ಹೇಳಿದ ಕಸುಬಲ್ಲ. ಅದರಿಂದ ಜೀವನ ಸಾಗಿಸಲು ಹೊರಟವರ ಗಂಟೆಯ ದುಡಿಮೆಗೆ ಸಿಗುವ ಪ್ರತಿಫಲ ಅತ್ಯಲ್ಪ. ‘ಸ್ವಾವಲಂಬನೆ’ಯ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳ ಕೈಗೆ ಕಡ್ಡಿ ಕೊಟ್ಟು, ಇನ್ನು ಅವರ ಬದುಕು ಹಸನಾಯಿತೆಂದು ಭಾಷಣ ಮಾಡುವುದು ವಂಚನೆಯೇ ಸರಿ. ಆದರೆ ಶಾಲೆಯಲ್ಲಿ ಚಿತ್ರಕಲೆ ಕಲಿಸುವುದು ಮಕ್ಕಳು ಚಿತ್ರ ಮಾರಿ ಜೀವಿಸಲೆಂದಲ್ಲ. ಹೆಣಿಗೆಯನ್ನೂ ಅದೇ ದೃಷ್ಟಿಯಿಂದ ನೋಡತಕ್ಕದ್ದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಹೆಣ್ಣಿನ ಕೈ ಬಿಡುವಾಗಿರುವುದನ್ನು ಸಹಿಸದ ಸಮಾಜವೇ ಅವಳ ವಿರಾಮದ ಗಳಿಗೆಗಳಿಗೂ ದಾರ ಸುತ್ತಿತು ಎಂಬ ಟೀಕೆಯಲ್ಲಿ ಸತ್ಯಾಂಶವಿದೆ. ಹತ್ತೊಂಬತ್ತನೆಯ ಶತಮಾನದ ಮಿಷನರಿ ಬಾಲಿಕಾ ಶಾಲೆಗಳಲ್ಲಿ ಹೊಲಿಗೆ ಹೆಣಿಗೆಗಳು ಹೆಣ್ಣುಮಕ್ಕಳ ಪಾಠವಾಗಿಯೇ ಬಂದವು. ಆ ಪದ್ಧತಿಯನ್ನು ಮುಂದಿನ ಶಾಲೆಗಳು ವಿಚಾರ ಮಾಡದೆ ಮುಂದುವರಿಸಿದವು. ಹುಡುಗರು ಮೈದಾನಕ್ಕೆ, ಹುಡುಗಿಯರು ಕಡ್ಡಿಗೆ ಎಂಬ ಹಂಚಿಕೆ ಹೀಗೆ ನೆಲೆಯೂರಿತು. ಇದು ಹೆಣಿಗೆಯ ಸ್ವಭಾವದಿಂದ ಬಂದದ್ದಲ್ಲ. ಯುರೋಪಿನ ಹಳೆಯ ಹೆಣಿಗೆಯ ಕಸುಬುದಾರರ ಸಂಘಗಳಲ್ಲಿ ಇದ್ದವರು ಗಂಡಸರು. ಹೆಣೆಯುವ ಯಂತ್ರವನ್ನು 1589ರಲ್ಲಿ ಮೊದಲು ರಚಿಸಿದ ಇಂಗ್ಲೆಂಡಿನ ವಿಲಿಯಂ ಲೀ ಪಾದ್ರಿಯಾಗಿದ್ದನೆಂದು ಹೇಳುತ್ತಾರೆ. ಪೆರು ದೇಶದ ಟಿಟಿಕಾಕಾ ಸರೋವರದ ನಡುವಿನ ತಕೀಲೆ ದ್ವೀಪದಲ್ಲಿ ಇಂದಿಗೂ ಟೋಪಿ ಹೆಣೆಯುವವರು ಗಂಡಸರೇ. ಅಲ್ಲಿನ ಹುಡುಗರು ಎಳವೆಯಲ್ಲಿಯೇ ಅದನ್ನು ಕಲಿಯುತ್ತಾರೆ, ಯುನೆಸ್ಕೊ ಆ ದ್ವೀಪದ ಜವಳಿ ಕಲೆಯನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿದೆ. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ರುಡಾಲ್ಫ್ ಸ್ಟೈನರ್ ಆರಂಭಿಸಿದ ಶಾಲೆಯ ಪದ್ಧತಿಯನ್ನು ಅನುಸರಿಸುವ ಶಾಲೆಗಳಲ್ಲಿ ಒಂದನೆಯ ತರಗತಿಯ ಗಂಡು ಹೆಣ್ಣು ಮಕ್ಕಳಿಬ್ಬರೂ ಹೆಣಿಗೆ ಕಲಿಯುತ್ತಾರೆ. ಅಷ್ಟು ದೂರ ಹೋಗುವುದೂ ಬೇಡ. ನೇಯುವ ಜೇಡರ ದಾಸಿಮಯ್ಯ, ನೂಲುವ ಕದಿರ ರೆಮ್ಮವ್ವೆ ಇಬ್ಬರೂ ಶರಣರ ಸಾಲಿನಲ್ಲಿ ನಿಂತದ್ದು ತಮ್ಮ ಕಾಯಕದ ಬಲದಿಂದ. ಮಗ್ಗ ಮೇಲು, ಕದಿರು ಕೀಳು ಎಂದು ಶರಣರು ಎಣಿಸಲಿಲ್ಲ. ಆ ಶರಣರ ಹೆಸರಿನಲ್ಲಿ ನಡೆಯುವ ಶಾಲೆಗಳಲ್ಲಿಯೇ ಕಡ್ಡಿಗೆ ಲಿಂಗಭೇದ ಕಲ್ಪಿಸುವುದು ತರವಲ್ಲ. ಕಲಿಸುವುದಾದರೆ ಹುಡುಗರಿಗೂ ಕಲಿಸಬೇಕು. ಹುಡುಗಿಯರಿಗೆ ಮಾತ್ರವೆಂದಾದರೆ ಕಲಿಸದಿರುವುದೇ ಲೇಸು.

1962ರ ಯುದ್ಧಕಾಲದಲ್ಲಿ ಹಿಮದಲ್ಲಿ ನಿಂತ ಜವಾನರಿಗಾಗಿ ದೇಶದಾದ್ಯಂತ ಹೆಂಗಸರು ಸ್ವೆಟರು ಹೆಣೆದು ಕಳುಹಿಸಿದರು. ಕಡ್ಡಿ ಹಿಡಿಯಬಲ್ಲ ಕೈಗಳು ಅಂದು ಮನೆಮನೆಯಲ್ಲಿದ್ದವು. ಇಂದು ಅಂಥ ಕೈಗಳನ್ನು ಹುಡುಕಬೇಕಾಗುತ್ತದೆ.

ಪ್ರತಿ ಚಳಿಗಾಲದಲ್ಲಿ ಉದಾರಿಗಳು ಪ್ರಸಾದನಿಲಯಗಳ ಮಕ್ಕಳಿಗೆ ಸ್ವೆಟರುಗಳನ್ನು ದಾನವಾಗಿ ಕೊಡುವುದುಂಟು. ನಸುಕಿನ ಪ್ರಾರ್ಥನೆಗೆ ಏಳುವ ಮಕ್ಕಳಿಗೆ ಅದರ ಬೆಲೆ ತಿಳಿದಿದೆ. ಆ ದಾಸೋಹ ಸ್ತುತ್ಯವಾದುದು, ನಿಲ್ಲಲೂ ಬಾರದು. ಕಟ್ಟಡಕ್ಕೂ ಗಣಕಯಂತ್ರಗಳ ಕೊಠಡಿಗೂ ದಾನಿಗಳು ದೊರೆಯುತ್ತಾರೆ, ಗೋಡೆಯಲ್ಲಿ ಕಲ್ಲು ಕೂರುತ್ತದೆ, ಕಲ್ಲಿನ ಮೇಲೆ ಹೆಸರೂ ಕೂರುತ್ತದೆ. ದಾರದ ಉಂಡೆಯ ಮೇಲೆ ಹೆಸರು ಕೆತ್ತಿಸಲು ಬಾರದೆಂಬುದು ಅದಕ್ಕೊಂದು ಕೊರತೆಯಿರಬಹುದು! ಆದರೂ ವೆಚ್ಚವನ್ನು ನೋಡತಕ್ಕದ್ದು. ನಲವತ್ತು ಮಕ್ಕಳ ಒಂದು ತರಗತಿಗೆ ತಲೆಗೊಂದು ಜೊತೆ ಬಿದಿರಿನ ಕಡ್ಡಿ, 8ನೆಯ ನಂಬರಿನವು. ಲೋಹದ ಕಡ್ಡಿಯಲ್ಲಿ ಎಳೆಯ ಕೈಗಳ ಕುಣಿಕೆ ಬೇಗ ಜಾರುತ್ತದೆ. ತಲೆಗೆ 100 ಗ್ರಾಂ ದಾರದಂತೆ 4 ಕಿಲೋಗ್ರಾಂ, ತಿಳಿಬಣ್ಣದ್ದು. ಕಪ್ಪು ನೀಲಿಗಳಲ್ಲಿ ಕುಣಿಕೆ ಕಾಣದೆ ಮಕ್ಕಳು ಕಂಗೆಡುತ್ತಾರೆ. ಮೊದಲ ಪ್ರಯತ್ನ ಕೊರಳಪಟ್ಟಿಯಾಗಲಿ, ಅದನ್ನು ಬಿಚ್ಚಿದ ದಾರದಿಂದಲೇ ಎರಡನೆಯದಾಗಿ ಟೋಪಿಯಾಗಲಿ. ಪ್ರಸಾದನಿಲಯದ ಚಿಕ್ಕ ಮಕ್ಕಳ ತಲೆಗೆ ಆ ವರ್ಷ ನಲವತ್ತು ಟೋಪಿಗಳು ಸಿದ್ಧ. ಚೀಲವಿಲ್ಲದ ಹತ್ತು ದಿನಗಳಲ್ಲಿ ನಾಲ್ಕನ್ನು ಇದಕ್ಕೆ ಮೀಸಲಿಟ್ಟು, ಮುಂದೆ ವಾರಕ್ಕೊಂದು ಅವಧಿಯನ್ನು ಪರೀಕ್ಷೆಯ ದಾಳಿಯಿಂದ ಕಾಯ್ದುಕೊಂಡರೆ ಸಾಕು.

ಕಲಿಸುವವರು ಯಾರೆಂಬ ಪ್ರಶ್ನೆ ಉಳಿಯಿತು. ಹೊಸ ಹುದ್ದೆ ಮಂಜೂರಾಗುವುದನ್ನು ಕಾಯುವ ಅಗತ್ಯ ಕಾಣದು. ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಮಾದರಿ ನೋಡದೆಯೇ ಕೊರಳಿನ ಇಳಿಜಾರನ್ನು ಹೆಣೆಯಬಲ್ಲ ತಾಯಂದಿರು, ಅಜ್ಜಿಯರು ಇನ್ನೂ ಇದ್ದಾರೆ. ವಾರಕ್ಕೊಮ್ಮೆ ಶಾಲೆಗೆ ಕರೆದರೆ ಅವರು ಬಾರದಿರರು. ಅವರ ವಿನ್ಯಾಸಗಳು ಯಾವ ಪುಸ್ತಕದಲ್ಲಿಯೂ ಬರೆದಿಟ್ಟವಲ್ಲ, ಕೈಯಿಂದ ಕೈಗೆ ಬಂದಂಥವು. ಮತ್ತು ಆ ಹಿರಿಯರಲ್ಲಿ ಅನೇಕರಿಗೆ ಈಗ ಎಪ್ಪತ್ತು ದಾಟಿದೆ.